ನಿದ್ದೆ ಮಾತ್ರೆಯ ಮಿಕ್ಕ ಚೂರು

ನಮ್ಮಕ್ಕ ಎಲೆ ಅಡಿಕೆ ಹಾಕುವುದಿಲ್ಲ. ಆದರೂ ಆ ಭಾನುವಾರ ಬೆಳಿಗ್ಗೆ ನಾನು ಪಿರಿಯಾಪಟ್ಟಣದ ಅವಳ ಮನೆಗೆ ಹೋದಾಗ, ಅಡುಗೆಮನೆಯ ನೆಲದ ಮೇಲೆ ಕೂತು, ಉಸಿರು ಬಿಗಿಹಿಡಿದು, ಅಡಕತ್ತರಿಯಲ್ಲಿ ಏನನ್ನೋ ಕತ್ತರಿಸುತ್ತಿದ್ದಳು.

ಬಗ್ಗಿ ನೋಡಿದೆ. ಮಾತ್ರೆ!

ಕಡಲೆಬೇಳೆಯಷ್ಟು ದೊಡ್ಡ ಬಿಳಿ ಮಾತ್ರೆ. ದೊಡ್ಡ ಚೂರನ್ನು ರಾತ್ರಿಗೆ ಅಂತ ಕಾಗದದಲ್ಲಿ ಸುತ್ತಿಟ್ಟಳು. ಸಣ್ಣ ಚೂರನ್ನು ಕುಂಕುಮದ ಹಳೇ ಡಬ್ಬಿಗೆ ಹಾಕಿದಳು. ಅಷ್ಟರಲ್ಲಿ ಪಕ್ಕದ ಮನೆಯ ಸಣ್ಣಮ್ಮ ಹಿತ್ತಲ ಬಾಗಿಲಿಗೆ ಬಂದಳು. ನಾಲ್ಕು ಮನೆಗೆ ಹಾಲು ಹಾಕುವ ಹೆಂಗಸು. ಕೈಯಲ್ಲೊಂದು ಲೋಟ.

“ಗೌರಕ್ಕ, ಒಂಚೂರಿದ್ರೆ ಕೊಡಿ.”

ಹೆಪ್ಪಿಗೆ ಮೊಸರು ಕೇಳುತ್ತಿದ್ದಾಳೆ ಅಂದುಕೊಂಡೆ. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಒಂದು ಚೂರನ್ನು ಅವಳ ಅಂಗೈಗೆ ಹಾಕಿದಳು. ಸಣ್ಣಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಲೋಟದಲ್ಲಿದ್ದ ಹಾಲನ್ನು ನಮ್ಮ ಪಾತ್ರೆಗೆ ಬಗ್ಗಿಸಿ ಹೊರಟುಹೋದಳು.

“ಅಕ್ಕ, ಏನದು ನೀನು ಕೊಟ್ಟಿದ್ದು?”

“ಮಿಕ್ಕಿದ್ದು ಕಣಮ್ಮಿ.”

ಮೊದಲಿನಿಂದ ಹೇಳುತ್ತೇನೆ. (ಹಿಂದೊಮ್ಮೆ ಇದೇ ಅಂಕಣದಲ್ಲಿ ಅಕ್ಕನ ಕುಕ್ಕರ್ ಪುರಾಣ ಬರೆದು ಅವಳಿಂದ ಮಾತು ಬಿಡಿಸಿಕೊಂಡವಳು ನಾನು. ಈ ಸಲ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. “ಬರ್ಕೋ, ಆದ್ರೆ ನಾನು ದಪ್ಪ ಅಂತ ಬರೀಬ್ಯಾಡ” ಅನ್ನುವ ಷರತ್ತಿನ ಮೇಲೆ.)

ಕೆಲವು ವರ್ಷದ ಹಿಂದೆ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ನೋವಿಗೂ ಗಾಬರಿಗೂ ನಿದ್ದೆ ಹತ್ತುತ್ತಿಲ್ಲ ಅಂದಾಗ ಡಾಕ್ಟರು ಹತ್ತು ದಿನಕ್ಕೆ ಅಂತ ಈ ಮಾತ್ರೆ ಬರೆದರು. ಹತ್ತು ದಿನ ಮುಗಿಯಿತು. ಗಾಯ ಮಾಯಿತು. ಮಾತ್ರೆ ಮಾತ್ರ ಮನೆ ಅಳಿಯನ ಹಾಗೆ ಉಳಿದುಕೊಂಡಿತು.

ಉಳಿಯುವುದಕ್ಕೆ ಕಾರಣಗಳೂ ಇದ್ದವು ಅನ್ನಿ. ಹೊಗೆಸೊಪ್ಪಿನ ಸೀಸನ್ ಬಂತೆಂದರೆ ಭಾವ ರಾತ್ರಿಯೆಲ್ಲ ಹೊಲದ ಬ್ಯಾರನ್ನಿನಲ್ಲಿ, ಸೊಪ್ಪು ಹದ ಮಾಡುವ ಆ ಎತ್ತರದ ಕೋಣೆಯ ಒಲೆಗೆ ಸೌದೆ ಹಾಕುತ್ತಾ ಕೂತಿರುತ್ತಾರೆ. ಮನೆಯಲ್ಲಿ ಅಕ್ಕ ಒಬ್ಬಳೇ. ಬ್ಯಾರನ್ನಿಗೆ ಬೆಂಕಿ ಬಿದ್ದರೆ? ಭಾವನಿಗೆ ಹಾವು ಕಚ್ಚಿದರೆ? ಹರಾಜಿನಲ್ಲಿ ಸೊಪ್ಪಿನ ಗ್ರೇಡು ಇಳಿದರೆ? ಇಷ್ಟಕ್ಕೂ ಒಂದೇ ಮಾತ್ರೆ. ಮೆಡಿಕಲ್ ಸ್ಟೋರಿನವನು ಚೀಟಿ ಕೇಳುವುದನ್ನೇ ಬಿಟ್ಟಿದ್ದ. ಅಕ್ಕ ರಸ್ತೆ ದಾಟುವುದು ಕಂಡರೆ ಸಾಕು, ಕವರಿಗೆ ಹಾಕಿ ಇಟ್ಟಿರುತ್ತಿದ್ದ. ಹೊಸ ಮಾತ್ರೆ ಬರೆದರೆ ‘ಯಾಕೆ ಡಾಕ್ಟ್ರೇ’ ಅಂತ ಕೇಳುವ ನಾವು, ಹಳೇ ಮಾತ್ರೆಯ ಬಗ್ಗೆ ‘ಇನ್ನೂ ಯಾಕೆ’ ಅಂತ ಎಂದಾದರೂ ಕೇಳಿದ್ದೇವೆಯೇ?

ಕೇಳಬೇಕಾಗಿ ಬಂದದ್ದು ಬೀಗಿತ್ತಿಯ ದೆಸೆಯಿಂದ.

ಅಕ್ಕನ ಮಗಳು ಶೋಭಾಳನ್ನು ಕೆ.ಆರ್. ನಗರದ ಕಡೆಗೆ ಕೊಟ್ಟಿದೆ. ಅವಳ ಅತ್ತೆ ದೇವೀರಮ್ಮ, ಗದ್ದೆ ಬಯಲಿನ ಗತ್ತಿನ ಹೆಂಗಸು. ಹೋದ ಹಲಸಿನ ಕಾಲದಲ್ಲಿ ಕುಶಾಲನಗರದ ಮದುವೆಗೆ ಹೋಗುವ ದಾರಿಯಲ್ಲಿ, ಬೀಗರನ್ನೂ ನೋಡಿಕೊಂಡು ಹೋಗೋಣ ಅಂತ ಮೊದಲ ಬಸ್ಸಿಗೆ ಬಂದಿಳಿದರು. ಬಾಗಿಲು ಬಡಿದರು. ಕೂಗಿದರು. ಕಿಟಕಿ ಸರಳಿಗೆ ಚಿಲಕ ಕುಟ್ಟಿದಂತೆ ಬಳೆ ಕುಟ್ಟಿದರು. ಭಾವ ಹೊಲದಲ್ಲಿದ್ದರು, ಅಕ್ಕ ಏಳಲಿಲ್ಲ. ದೇವೀರಮ್ಮ ಹಲಸಿನ ಹಣ್ಣನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತೇ ಕೂತರು. ದಾರಿಯಲ್ಲಿ ಹೋಗುವವರೆಲ್ಲ “ಯಾರ್ ಬೇಕಾಗಿತ್ತು?” ಅಂತ ವಿಚಾರಿಸಿಕೊಂಡು ಹೋದರು. ನಮ್ಮ ಕಡೆ ಬೀಗರ ಊಟಕ್ಕೆ ಉಪ್ಪು ಕಡಿಮೆಯಾದರೆ ಕ್ಷಮೆ ಉಂಟು. ಜಗಲಿಯ ಮೇಲೆ ಕಾಯಿಸಿದರೆ ಇಲ್ಲ.

ಮುಂದಿನ ತಿಂಗಳು ಶೋಭಾ ಬಸುರಿ ಅಂತ ಸುದ್ದಿ ಬಂತು. ಅಕ್ಕ ಬೀದಿಗೆಲ್ಲ ಸಕ್ಕರೆ ಹಂಚಿದಳು. ಬಾಣಂತಿಗೆ ಅಂತ ಹಳೇ ಬೆಲ್ಲ ತೆಗೆದಿಟ್ಟಳು. ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ಮಾತೇ ಇಲ್ಲ. ಆದರೆ ಮಾತು ಬಂತು. ಫೋನಿನಲ್ಲಿ, ಶೋಭಾಳದೇ ದನಿಯಲ್ಲಿ.

“ಅಮ್ಮಾ, ಬಾಣಂತನ ಇಲ್ಲೇ ಆಗ್ಲಿ ಅಂತಿದ್ದಾರೆ ಅತ್ತೆ. ಬಾಗಿಲು ಬಡಿದ್ರೇ ಏಳದೋರು ಮಗು ಅತ್ರೆ ಏಳ್ತಾರಾ ಅಂತಾರೆ. ನಂಗೂ... ಭಯ ಆಗುತ್ತಮ್ಮ.”

ಬೀಗಿತ್ತಿಯ ಮಾತನ್ನು ಅಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಆ ‘ನಂಗೂ’ ಅವಳ ಎದೆಗೆ ನಾಟಿತು. ಹೆತ್ತ ಮಗಳೇ ತನ್ನ ಮಗುವನ್ನು ತಾಯಿಯ ಕೈಗೆ ಕೊಡಲು ಹೆದರಿದರೆ, ಆ ತಾಯಿಗೆ ಇನ್ನೇನು ಉಳಿಯಿತು?

ಅಕ್ಕ ಎದ್ದವಳೇ ಮಾತ್ರೆಗಳನ್ನೆಲ್ಲ ಬಚ್ಚಲ ಒಲೆಗೆ ಎಸೆದಳು. ನಮ್ಮ ಮನೆತನದ ಚಿಕಿತ್ಸಾಕ್ರಮವೇ ಅದು. ಏನನ್ನಾದರೂ ಬಿಡುವುದೆಂದರೆ ಒಲೆಗೆ ಎಸೆಯುವುದು. (ನಮ್ಮಪ್ಪ ಇದೇ ರೀತಿ ಹಲವು ಸಲ ಬೀಡಿ ಬಿಟ್ಟಿದ್ದರು.)

ಎರಡು ದಿನ ಕಳೆದ ಮೇಲೆ ಭಾವ ಹುಣಸೂರಿನಲ್ಲಿದ್ದ ನನಗೆ ಫೋನು ಮಾಡಿದರು. ನಾನು ಸ್ಕೂಲಿಗೆ ರಜ ಹಾಕಿ ಓಡಿದೆ. ಅಕ್ಕನ ಕೈ ನಡುಗುತ್ತಿತ್ತು. ಮೈಯೆಲ್ಲ ಬೆವರು. ಅಕ್ಕಿ ಆರಿಸಲು ಕೂತರೆ ಮೊರದ ತುಂಬ ಇರುವೆ ಹರಿಯುತ್ತಿದೆ ಅನ್ನುತ್ತಾಳೆ, ಅಲ್ಲಿ ಒಂದು ಇರುವೆಯೂ ಇಲ್ಲ. ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಬೈದರು. ಇದನ್ನು ಒಂದೇ ಏಟಿಗೆ ಬಿಡಬಾರದಮ್ಮ, ಫಿಟ್ಸ್ ಬಂದರೆ ಯಾರು ಜವಾಬ್ದಾರರು ಅಂತ. ಮಾತ್ರೆಯನ್ನು ಮತ್ತೆ ಶುರು ಮಾಡಿಸಿ, ಮೈಸೂರಿನ ಮನಸ್ಸಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

“ಉಚ್ಚಾಸ್ಪತ್ರೆಗಾ?” ಅಂದಳು ಅಕ್ಕ. “ಬೀಗ್ರಿಗೆ ಗೊತ್ತಾದ್ರೆ ಬಾಣಂತನ ಅಲ್ಲ, ಮೊಮ್ಮಗೂನ ನೋಡಕ್ಕೂ ಬುಡಾಕಿಲ್ಲ.”

ಕೊನೆಗೆ ಸೀಮಂತದ ಸೀರೆ ತರಲು ಹೋಗುತ್ತಿದ್ದೇವೆ ಅಂತ ಬೀದಿಗೆ ಹೇಳಿ ಹೊರಟೆವು. ಹೇಳಿದ ಮೇಲೆ ಬರಿಗೈಯಲ್ಲಿ ವಾಪಸ್ ಬರಲಾದೀತೇ? ಒಂದು ಸೀರೆ ತಂದೆವು. ಆಮೇಲೆ ಪ್ರತಿ ಭೇಟಿಗೂ ಒಂದೊಂದು ಸೀರೆಯಾಯಿತು. ಈ ಚಿಕಿತ್ಸೆಯಿಂದ ಮೈಸೂರಿನಲ್ಲಿ ಉದ್ಧಾರವಾದವರಲ್ಲಿ ಜವಳಿ ಅಂಗಡಿಯವನೇ ಮೊದಲಿಗ.

ಡಾಕ್ಟರು ಚುಟುಕಾಗಿ ಮಾತಾಡಿ ನಮ್ಮನ್ನು ಕೌನ್ಸೆಲರ್ ಹತ್ತಿರ ಕಳಿಸಿದರು. ದೇಚಮ್ಮ ಅಂತ, ಕೊಡಗಿನ ಹುಡುಗಿ. ನನ್ನ ಹಳೇ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು. ಇವಳೇನು ಹೇಳಿಯಾಳು ಅಂತ ನಾನು ಮೂಗು ಮುರಿದೆ. ಅವಳು ಏನೂ ಹೇಳಲಿಲ್ಲ. ಕೇಳಿದಳು.

“ಮಲಗಿದಾಗ ಏನೇನು ಯೋಚನೆ ಬರ್ತದೆ ಅಮ್ಮಾ?”

ಅಕ್ಕನ ಜೀವಮಾನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಮೇಲೆ ಶುರು ಮಾಡಿದಳು ನೋಡಿ! ಬ್ಯಾರನ್ನು, ಭಾವನ ಮಂಡಿನೋವು, ಶೋಭಾಳ ಬಸುರು, ಗಬ್ಬದ ಹಸು, ನಾನು ವಯಸ್ಸಾದ ಮೇಲೆ ಸ್ಕೂಟರ್ ಕಲಿಯುತ್ತಿರುವುದು, ಎಲ್ಲ ಹೊರಬಂತು.

“ಸರಿ. ಮಾತ್ರೆ ನುಂಗ್ತೀರಲ್ಲ, ಎಷ್ಟು ಹೊತ್ತಿಗೆ ಸಮಾಧಾನ ಆಗ್ತದೆ?”

“ನುಂಗ್ತಿದ್ದಂಗೇಯ.”

“ಅದು ಹೊಟ್ಟೇಲಿ ಕರಗಿ ಕೆಲಸ ಮಾಡೋಕೆ ಸ್ವಲ್ಪ ಹೊತ್ತು ಬೇಕಲ್ವಾ? ಅದಕ್ಕೂ ಮೊದಲೇ ಬರೋ ಸಮಾಧಾನ ಯಾರದ್ದು? ನಿಮ್ಮದೇ. ಮಾತ್ರೆ ಇಲ್ಲದಿದ್ರೆ ನಿದ್ದೆ ಬರಲ್ಲ ಅನ್ನೋ ಭಯಾನೇ ನಿಮ್ಮನ್ನ ಅರ್ಧ ಎಬ್ಬಿಸಿ ಕೂರಿಸ್ತಿದೆ.”

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ದೇಚಮ್ಮನ ಕಾಯಿದೆಗಳು ಹೀಗಿದ್ದವು. ಮಾತ್ರೆಯನ್ನು ಡಾಕ್ಟರು ಹೇಳಿದಂತೆ ಚೂರು ಚೂರೇ ಇಳಿಸಬೇಕು, ಆತುರ ಕೂಡದು. ಹಾಸಿಗೆ ಇರುವುದು ಹೊರಳಾಡುವುದಕ್ಕಲ್ಲ, ನಿದ್ದೆ ಬರದಿದ್ದರೆ ಎದ್ದು ಕೂತು, ಬಂದಾಗ ಹೋಗಿ ಮಲಗುವುದು. ಎದೆ ಡವಡವ ಅಂದರೆ ನಿಧಾನವಾಗಿ ಉಸಿರಾಡುವುದು. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ದಿನಾ ಸಂಜೆ ಐದರಿಂದ ಐದೂವರೆಗೆ ಕೂತು ಚಿಂತೆ ಮಾಡಬೇಕಂತೆ! ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ‘ಈಗ ಹೋಗು, ಐದಕ್ಕೆ ಬಾ’ ಅಂತ ಕಳಿಸಬೇಕಂತೆ.

“ಚಿಂತೆಗೂ ಟೈಮಾ?” ಅಂದಳು ಅಕ್ಕ. “ಕರೆಂಟ್ ಬಿಲ್ ಕಟ್ಟಕೆ ಕೌಂಟ್ರು ತೆಗೆದಂಗೆ?”

“ಹೂಂ. ಹಾಗೇ ಅಂದುಕೊಳ್ಳಿ.”

ಈ ಹುಡುಗಿ ಓದಿದ ಪುಸ್ತಕದಲ್ಲಿ, ಚಿಂತೆ ಮಾಡುವವರು ಒಬ್ಬೊಬ್ಬರೇ ಕೂತು ಮಾಡುತ್ತಾರೆ ಅಂತ ಇತ್ತೇನೋ. ಪಿರಿಯಾಪಟ್ಟಣದಲ್ಲಿ ಸಂಜೆ ಐದಕ್ಕೆ ಒಬ್ಬ ಹೆಂಗಸು ಕೈಕಟ್ಟಿಕೊಂಡು ಜಗಲಿಯ ಮೇಲೆ ಸುಮ್ಮನೆ ಕೂತರೆ ಏನಾಗುತ್ತದೆ? ಮೊದಲ ದಿನ ಸಣ್ಣಮ್ಮ ಬಂದು “ಯಾಕ್ ಗೌರಕ್ಕ, ಯಾರ್ ಓಗ್ಬುಟ್ರು?” ಅಂದಳು. ಎರಡನೇ ದಿನ ಎದುರು ಮನೆಯ ಟೈಲರ್ ರತ್ನ ಬಂದಳು. ವಾರ ಕಳೆಯುವುದರಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಐದಕ್ಕೆ ಹಾಜರು. ಸಣ್ಣಮ್ಮನಿಗೆ ಸೊಸೆಯ ಚಿಂತೆ. ರತ್ನಳಿಗೆ ರೆಡಿಮೇಡ್ ಅಂಗಡಿಯ ಚಿಂತೆ. ಅಕ್ಕನ ಚಿಂತೆಯ ಸರದಿ ಬರುವ ಹೊತ್ತಿಗೆ ಐದೂವರೆ ಆಗಿಬಿಡುತ್ತಿತ್ತು. “ಇವರ್ ಗೋಳು ಕೇಳಿ ಕೇಳಿ ನಂದು ಏನಿತ್ತೂಂತ್ಲೇ ಮರ್ತೋಯ್ತದೆ ಕಣಮ್ಮಿ” ಅನ್ನುತ್ತಿದ್ದಳು. ನಿದ್ದೆಯೂ ನಿಧಾನವಾಗಿ ದಾರಿಗೆ ಬರುತ್ತಿತ್ತು.

ಎಲ್ಲ ಸರಿಯಾಗಿತ್ತು, ಅಡಕತ್ತರಿಯ ಆ ಭಾನುವಾರದವರೆಗೆ.

“ಮಿಕ್ಕಿದ್ದು ಅಂದ್ರೆ?” ನಾನು ಕೇಳಿದೆ.

“ನಂದು ಕಮ್ಮಿ ಮಾಡ್ತಾ ಬಂದಂಗೆ ಚೂರು ಮಿಗ್ತದಲ್ಲ. ಔಸ್ದಿ ಕಣೆ, ಬಿಸಾಕಕಾಯ್ತದಾ? ಪಾಪ, ಸಣ್ಣಮ್ಮಂಗೂ ನಿದ್ದೆ ಇಲ್ಲ. ರತ್ನಂಗೂ ಇಲ್ಲ.”

ಮಿಕ್ಕ ಅನ್ನವನ್ನು ಹಸುವಿಗೆ, ಮಿಕ್ಕ ಸಾರನ್ನು ಪಕ್ಕದ ಮನೆಗೆ ಕೊಟ್ಟೇ ಬೆಳೆದ ಕೈ ಅದು. ಮಿಕ್ಕ ಮಾತ್ರೆಗೂ ಅದೇ ಧರ್ಮ! ಅಕ್ಕನದು ಎಷ್ಟು ಇಳಿಯಿತೋ ಬೀದಿಯದು ಅಷ್ಟೇ ಏರಿತ್ತು. ಒಬ್ಬಳ ಚಟ ಬಿಡಿಸಲು ಹೋಗಿ ನಾವು ಒಂದು ಬೀದಿಗೆ ಚಟ ಹಿಡಿಸಿದ್ದೆವು.

ನಾನು ಟೀಚರ್ ದನಿಯಲ್ಲಿ ರೇಗಿದೆ. ಬೆಳಗಿನ ಜಾವ ಎದ್ದು ಹಸುವಿನ ಕಾಲಬುಡದಲ್ಲಿ ಕೂರುವ ಸಣ್ಣಮ್ಮ, ತೂಕಡಿಸಿ ಒದೆ ತಿಂದರೆ? ರತ್ನಳ ಬಿಪಿ ಮಾತ್ರೆಯ ಜೊತೆ ಇದೂ ಸೇರಿ ಏನಾದರೂ ಆದರೆ? ಅಕ್ಕನ ಮುಖ ಸಪ್ಪಗಾಯಿತು. ಕೇಡು ಬಗೆದು ಮಾಡಿದ್ದಲ್ಲವಲ್ಲ.

ಮುಂದಿನ ಭೇಟಿಯಲ್ಲಿ ವಿಷಯ ತಿಳಿಸಿದಾಗ ದೇಚಮ್ಮ ಮೊದಲು ಜೋರಾಗಿ ನಕ್ಕಳು. ಆಮೇಲೆ ಸ್ವಲ್ಪವೂ ನಗಲಿಲ್ಲ. ಚೂರು ತಿಂದವರನ್ನೆಲ್ಲ ಕರೆತನ್ನಿ, ಡಾಕ್ಟರು ನೋಡಲಿ ಅಂದಳು. ಮಿಕ್ಕಿದ್ದನ್ನು ಇನ್ನು ಯಾರಿಗೂ ಕೊಡುವುದಿಲ್ಲ, ಪ್ರತಿ ಭೇಟಿಗೂ ಡಬ್ಬಿಯಲ್ಲಿ ತಂದು ಆಸ್ಪತ್ರೆಗೇ ಒಪ್ಪಿಸುತ್ತೇನೆ ಅಂತ ಅಕ್ಕನಿಂದ ಮಾತು ತೆಗೆದುಕೊಂಡಳು. ಅಕ್ಕ ಕೊಟ್ಟ ಮಾತೆಂದರೆ ಕೊಟ್ಟ ಮಾತೇ.

ಸರಿ, ವ್ಯಾನು ಮಾಡಿಕೊಂಡು ಹೊರಟೆವು. ಎಲ್ಲರೂ ಕನಕಾಂಬರ ಮುಡಿದಿದ್ದರು. ದಾರಿಗೆ ಚಿತ್ರಾನ್ನ ಕಟ್ಟಿಕೊಂಡಿದ್ದರು. ಮನೆ ಗಂಡಸರು ದೇವಸ್ಥಾನಕ್ಕೆ ಅಂದುಕೊಂಡು “ನಮ್ದೂ ಒಂದು ಹಣ್ಣುಕಾಯಿ ಮಾಡ್ಸಿ” ಅಂದರು. ವಾಪಸ್ ಬರುವಾಗ ವ್ಯಾನಿನ ತುಂಬ ಸೀರೆ, ಅದನ್ನು ಬೇರೆ ಹೇಳಬೇಕೇ? ಅದೃಷ್ಟಕ್ಕೆ ಆ ಹೆಂಗಸರಿಗೆ ಚೂರು ಇನ್ನೂ ಅಂಟಿಕೊಂಡಿರಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಚೂರಿಗಿಂತ ಹೆಚ್ಚಾಗಿ ಐದು ಗಂಟೆಯ ಜಗಲಿಯೇ.

ಸೀಮಂತಕ್ಕೆ ಸ್ವಲ್ಪ ದಿನ ಇರುವಾಗ ದೇವೀರಮ್ಮ ಬಂದರು. ಸೀಮಂತದ ಮಾತುಕತೆಗೆ ಅಂತ ನೆಪ. ಬಂದದ್ದು ಪರೀಕ್ಷೆಗೆ. ಅದೇ ಮೊದಲ ಬಸ್ಸು. ಮುಂಚೆ ತಿಳಿಸಿರಲಿಲ್ಲ. ನಾನು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದೆ. ದೇವೀರಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿದಾಗ ಅಕ್ಕ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು. ಬಾಗಿಲು ಬಡಿಯಲು ಬಂದ ಕೈಗೆ ಬಡಿಯುವುದಕ್ಕೆ ಬಾಗಿಲೇ ಇರಲಿಲ್ಲ.

“ಬನ್ನಿ ಬನ್ನಿ ಬೀಗ್ರೇ, ಕಾಫಿಗೆ ಈಗ ಇಡ್ತಿದ್ದೆ” ಅಂದಳು ಅಕ್ಕ. ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿ ನನಗೆ ಕಣ್ಣು ತುಂಬಿತು.

ಸಂಜೆ ಐದಕ್ಕೆ ಜಗಲಿಯಲ್ಲಿ ಎಂದಿನ ಸಭೆ. ದೇವೀರಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ಎಲ್ಲರ ಸರದಿ ಮುಗಿದ ಮೇಲೆ ಸಣ್ಣಮ್ಮ ಅವರ ಕಡೆ ತಿರುಗಿ, “ನಿಮ್ದೇನವ್ವ ಚಿಂತೆ?” ಅಂದಳು.

“ನಮ್ ಮನೇಲಿ ದೇವರು ಕೊಟ್ಟಂಗೆ ಎಲ್ಲಾ ಐತೆ. ಚಿಂತೆ ಯಾಕೆ ಮಾಡಾನ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಂತೆಯೇ ಇಲ್ಲ ಅನ್ನುವವರನ್ನು ಆ ಜಗಲಿ ಈಗ ನಂಬುವುದಿಲ್ಲ.

ಸಭೆ ಮುಗಿದ ಮೇಲೆ ಅಡುಗೆಮನೆಯಲ್ಲಿ ನಾನು ಕಾಯಿ ತುರಿಯುತ್ತಿದ್ದೆ. ದೇವೀರಮ್ಮ ಮೆಲ್ಲಗೆ ಒಳಗೆ ಬಂದು ಅಕ್ಕನ ಪಕ್ಕ ನಿಂತರು. ದನಿ ತಗ್ಗಿಸಿದರು.

“ಬೀಗ್ರೇ, ಮಾತ್ರೆ ಚೂರು ಮಿಕ್ಕಿತ್ತಂತಲ್ಲ, ಆ ಹಾಲಿನೋಳು ಯೋಳ್ತಿದ್ಲು. ಇದ್ರೆ ನಂಗೊಂದಷ್ಟು ಕೊಡಿ. ನಮ್ಮೋರು ತೀರ್ಕಂಡಾಗಿಂದ ನಾನೂ ಅದನ್ನೇ ನುಂಗಾದು. ನಮ್ಮೂರ್ ಅಂಗಡಿಯೋನು ಈಗೀಗ ಚೀಟಿ ಕೇಳ್ತಾನೆ. ಮಗಂಗೆ, ಸೊಸೇಗೆ ಯೋಳಕ್ಕೆ ನಾಚ್ಕೆ.”

ತುರಿಮಣೆಯ ಮೇಲೆ ನನ್ನ ಕೈ ನಿಂತುಹೋಯಿತು. ಡಬ್ಬಿ ಅಲ್ಲೇ ಗೂಡಿನಲ್ಲಿತ್ತು, ಮುಂದಿನ ಭೇಟಿಗೆ ಒಪ್ಪಿಸಲು ಕಾಯುತ್ತಾ. ನನ್ನ ತಲೆ ಲೆಕ್ಕ ಹಾಕಿತು. ಬಾಣಂತನ ಈ ಹೆಂಗಸಿನ ‘ಹೂಂ’ ಮೇಲೆ ನಿಂತಿದೆ. ನಾಲ್ಕು ಚೂರಿನ ಮಾತು. ಸಣ್ಣಮ್ಮನಿಗೆ ಕೊಟ್ಟಿದ್ದಕ್ಕೆ ಅಷ್ಟೆಲ್ಲ ರೇಗಿದ್ದ ಟೀಚರಮ್ಮ, ಅಂದರೆ ನಾನು, ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಕೊಟ್ಟುಬಿಡೇ!

ಅಕ್ಕ ನನ್ನ ಕಡೆ ನೋಡಿದಳು. ಗೂಡಿನ ಕಡೆ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಕೊಡಾಕಿಲ್ಲ ಬೀಗ್ರೇ. ಇದ್ರಿಂದ ನಂಗೆ ಬಾಗ್ಲಾಚೆ ಕೂತಿದ್ ನಿಮ್ ಕೂಗೇ ಕೇಳ್ನಿಲ್ಲ. ನಾಳೆ ಕೂಸು ಕೂಗಿದ್ರೆ ನಿಮ್ಗೂ ಕೇಳ್ಬೇಕಲ್ವಾ? ಬೇಕಾದ್ರೆ ಆ ಉಡುಗಿ ತಾವ ನಾನೇ ಕರ್ಕೊಂಡೋಗ್ತೀನಿ. ಚೂರು ಮಾತ್ರ ಕೊಡಾಕಿಲ್ಲ.”

ದೇವೀರಮ್ಮನ ಮುಖ ಕೆಂಪಾಯಿತು. ಮಾರನೇ ದಿನ ತಿಂಡಿಯನ್ನೂ ತಿನ್ನದೆ ಬಸ್ಸು ಹತ್ತಿದರು.

ಆಮೇಲಿನ ದಿನಗಳು ಕಷ್ಟದವು. ಸೀಮಂತ ಹತ್ತಿರವಾದರೂ ಫೋನು ಬರಲಿಲ್ಲ. ಅಕ್ಕನಿಗೆ ಐದು ಗಂಟೆಯ ಚಿಂತೆ ಐದೂವರೆಗೆ ಮುಗಿಯದಾಯಿತು. ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು ಒಂದು ಸಲ, ಭಾವನೇ ಹೇಳಿದರು. ಮುಚ್ಚಳ ತೆಗೆಯಲಿಲ್ಲವಂತೆ. ಬಾಗಿಲ ಹೊರಗೆ ಬಂದು ಜಗಲಿಯ ಮೇಲೆ ಕೂತು, ಹುಡುಗಿ ಹೇಳಿಕೊಟ್ಟ ಹಾಗೆ ಉಸಿರು ಬಿಡುತ್ತಾ, ಅತ್ತಳಂತೆ. ಅದನ್ನು ಕೇಳಿದಾಗ ನನ್ನ ಕಣ್ಸನ್ನೆ ನೆನಪಾಗಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಶೋಭಾಳ ಫೋನು ಬಂತು, ಕೊನೆಗೂ. ಬಾಣಂತನ ಪಿರಿಯಾಪಟ್ಟಣದಲ್ಲೇ! ಒಂದೇ ಷರತ್ತು. ದೇವೀರಮ್ಮನೂ ಜೊತೆಯಲ್ಲಿ ಬಂದಿರುತ್ತಾರೆ. ಮೊಮ್ಮಗುವನ್ನು ಬಿಟ್ಟಿರಲು ಆಗುವುದಿಲ್ಲವಂತೆ, ಅದಕ್ಕೆ.

ಅದಕ್ಕೆ ಮಾತ್ರವೇ? ಬಂದ ಮಾರನೆಯ ವಾರವೇ ಬೀಗಿತ್ತಿಯರಿಬ್ಬರೂ ‘ಸೀರೆ ತರಲು’ ಮೈಸೂರಿಗೆ ಹೋದರು. ದೇವೀರಮ್ಮನ ಮಾತ್ರೆಯೂ ಈಗ ಡಾಕ್ಟರ ಲೆಕ್ಕದ ಹಾಗೆ ಇಳಿಯುತ್ತಿದೆ. ಐದು ಗಂಟೆಯ ಜಗಲಿಯಲ್ಲಿ ಅವರ ಸರದಿ ಬಂದರೆ ಬೇರೆಯವರ ಸರದಿ ಬರುವುದಿಲ್ಲ.

ಹೋದ ಭಾನುವಾರ ಮಗು ನೋಡಲು ಹೋಗಿದ್ದೆ. ಮಗು ದುಂಡಗಿದೆ. ಅಕ್ಕ ಮಾತ್ರೆ ಪೂರ್ತಿ ಬಿಟ್ಟಿದ್ದಾಳೆ, ಮುಖದಲ್ಲಿ ಕಳೆ ಇದೆ. ಶೋಭಾ ಮಾತ್ರ ಕಣ್ಣು ಗುಳಿಬಿದ್ದು, ಗೋಡೆಗೊರಗಿ ಆಕಳಿಸುತ್ತಾ ಕೂತಿದ್ದಳು.

“ಮಗು ಬಹಳ ಹಟ ಮಾಡುತ್ತಾ?” ಅಂದೆ.

“ಮಗು ಚಿನ್ನ ಚಿಕ್ಕಮ್ಮ. ಒಂದ್ಸಲ ಕುಂಯ್ ಅಂದ್ರೆ ಸಾಕು, ಆ ಕಡೆಯಿಂದ ಅಮ್ಮ, ಈ ಕಡೆಯಿಂದ ಅತ್ತೆ. ಲೈಟ್ ಹಾಕ್ತಾರೆ. ನಾನ್ ಮೊದ್ಲು ಎದ್ದಿದ್ದು ಅಂತ ಇವರು, ನಾನ್ ಮಲಗೇ ಇರ್ಲಿಲ್ಲ ಅಂತ ಅವರು. ಬಜೆ ತೇಯ್ಬೇಕಾ, ಓಮದ ನೀರು ಕೊಡ್ಬೇಕಾ ಅಂತ ವಾದ. ಮಗು ಮಲಗಿದ ಮೇಲೂ ಅದು ಮುಗಿಯಲ್ಲ.”

ಅಡುಗೆಮನೆಯಲ್ಲಿ ಇಬ್ಬರು ಅಜ್ಜಿಯರ ದನಿ ಏರುತ್ತಿತ್ತು. ಶೋಭಾ ಆ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಚಿಕ್ಕಮ್ಮ, ಆ ಕುಂಕುಮದ ಡಬ್ಬೀಲಿ ಇವರಿಬ್ಬರಿಗೂ ಒಂದೊಂದು ಚೂರು ಮಿಕ್ಕಿರಬಹುದಾ?”